ಮನೆಯಲ್ಲೇ ತರಕಾರಿ ಬೆಳೆಯುವ ಕಿಟ್: ಸಾಮಾನು ಪರವಾಗಿಲ್ಲ, ಒಳಗಿರುವ ಚೀಟಿಯನ್ನು ಮಾತ್ರ ನಂಬಬೇಡಿ

ಈ ಕಿಟ್ ತಂದು ಒಂದು ವರ್ಷ ದಾಟಿತು. ತಂದ ವಾರದಲ್ಲೇ ಬರೆದಿದ್ದರೆ ಐದಕ್ಕೆ ಐದು ನಕ್ಷತ್ರ ಕೊಡುತ್ತಿದ್ದೆ. ಎರಡು ತಿಂಗಳಾದ ಮೇಲೆ ಬರೆದಿದ್ದರೆ ಒಂದೂ ಕೊಡುತ್ತಿರಲಿಲ್ಲ. ಈಗ ಮೂರು ಕೊಡುತ್ತೇನೆ. ಯಾಕೆ ಅಂತ ಹೇಳೋಕೆ ಸ್ವಲ್ಪ ಉದ್ದಕ್ಕೇ ಬರೆಯಬೇಕು, ಯಾಕೆಂದರೆ ಮೊದಲ ಸಲ ತರಕಾರಿ ಬೆಳೆಯುವವರು ಏನೇನು ತಪ್ಪು ಮಾಡುತ್ತಾರೋ ಹೆಚ್ಚುಕಮ್ಮಿ ಅಷ್ಟನ್ನೂ ನಾನು ಮಾಡಿದೆ, ಅದರಲ್ಲಿ ಬಹಳಷ್ಟನ್ನು ಈ ಕಿಟ್ಟಿನ ಚೀಟಿ ನೋಡಿಕೊಂಡೇ ಮಾಡಿದೆ. ಕಂಪನಿ ಹೆಸರು ಹಾಕುತ್ತಿಲ್ಲ. ಇದೇ ಥರದ ಕಿಟ್‌ಗಳು ಬೇಕಾದಷ್ಟಿವೆ. ನೀವು ಯಾವುದನ್ನೇ ತಂದರೂ ಕೆಳಗೆ ಬರೆದಿರುವುದು ಉಪಯೋಗಕ್ಕೆ ಬರುತ್ತದೆ ಅಂದುಕೊಂಡಿದ್ದೇನೆ.

ಡಬ್ಬದಲ್ಲಿ ಇರೋದು ಇಷ್ಟು: 9 ಇಂಚು ಅಗಲ, 9 ಇಂಚು ಎತ್ತರದ ಆರು ಗ್ರೋ ಬ್ಯಾಗ್ (ಗಿಡ ಬೆಳೆಸುವ ಚೀಲ), 5 ಕೆಜಿಯ ಒಂದು ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಇಟ್ಟಿಗೆ, ಎಂಟು ಬೀಜದ ಪೊಟ್ಟಣ (ಟೊಮೆಟೊ, ಮೆಣಸಿನಕಾಯಿ, ಬೀನ್ಸ್, ಸೌತೆ, ಮೂಲಂಗಿ, ಕ್ಯಾರೆಟ್, ಪಾಲಕ್, ಈರುಳ್ಳಿ), 19:19:19 ಗೊಬ್ಬರದ ಪುಡಿ, ಬೇವಿನ ಎಣ್ಣೆಯ ಸಣ್ಣ ಬಾಟಲಿ, ಕೈಸಲಿಕೆ, ಮಣ್ಣಿಗೆ ಚುಚ್ಚುವ ಒಂದು ಮೀಟರ್, ಮತ್ತೆ ಎರಡೂ ಬದಿ ಅಚ್ಚು ಮಾಡಿದ ಒಂದು ಚೀಟಿ.

ಬ್ಯಾಗ್‌ಗಳು ಗಟ್ಟಿ. ಇಡೀ ವರ್ಷ ಬಿಸಿಲಲ್ಲಿ ಇದ್ದರೂ ಒಂದೇ ಒಂದರ ಕಿವಿ ಹೊಲಿಗೆ ಬಿಚ್ಚಿದೆ, ಅದನ್ನೂ ದಪ್ಪ ದಾರದಲ್ಲಿ ಹೊಲಿದುಕೊಂಡೆ. ಸಲಿಕೆ ಇನ್ನೂ ಬಗ್ಗಿಲ್ಲ. ಅಲ್ಲಿಗೆ ಸಾಮಾನಿನ ಬಗ್ಗೆ ದೂರು ಜಾಸ್ತಿ ಇಲ್ಲ.

ಈಗ ಚೀಟಿಗೆ ಬರೋಣ. ಅದರ ಮೊದಲ ಸಾಲೇ 'ದಿನಕ್ಕೆ ಎರಡು ಸಲ ನೀರು ಹಾಕಿ'. ನಾನು ಬೆಳಗ್ಗೆ ಒಂದು ಸಲ, ಸಂಜೆ ಒಂದು ಸಲ, ಒಂದು ದಿನವೂ ತಪ್ಪದೆ ಹಾಕಿದೆ. ಒಂದೂವರೆ ತಿಂಗಳಾಗುವ ಹೊತ್ತಿಗೆ ಟೊಮೆಟೊ ಗಿಡದ ಕೆಳಗಿನ ಎಲೆಗಳು ಹಳದಿಗೆ ತಿರುಗಿದವು. ಆಮೇಲೆ ಇಡೀ ಗಿಡ ಬಾಡಿ ಜೋತು ಬಿತ್ತು. ಬಾಡಿದೆ ಅಂದರೆ ನೀರು ಸಾಲಲಿಲ್ಲ ಅಂತ ತಾನೇ ಯಾರಿಗಾದರೂ ಅನ್ನಿಸೋದು? ಮೇಲೆ ಮುಟ್ಟಿ ನೋಡಿದರೆ ಕೋಕೋಪೀಟ್ ಒಣಗಿ ತಿಳಿ ಕಂದು ಬಣ್ಣಕ್ಕೆ ಬಂದಿತ್ತು. ಸರಿ, ಇನ್ನೊಂದು ಮಗ್ ಜಾಸ್ತಿ ಹಾಕಿದೆ. ಮಾರನೇ ದಿನ ಇನ್ನೂ ಬಾಡಿತು. ಇನ್ನೊಂದು ಮಗ್.

ಆ ವಾರ ಅಮ್ಮ ಬಂದಿದ್ದಳು. ಗಿಡ ನೋಡಿದವಳು ಏನೂ ಹೇಳದೆ ಬ್ಯಾಗಿನ ಎರಡು ಕಿವಿ ಹಿಡಿದು ಮೆಲ್ಲಗೆ ಎತ್ತಿದಳು.

"ಇದನ್ನ ಎತ್ತಿ ನೋಡೇ ಒಂದ್ಸಲ."

ಎತ್ತೋಕೆ ಹೋದೆ, ನೆಲ ಬಿಟ್ಟು ಏಳಲೇ ಇಲ್ಲ, ಮೊಣಕಾಲಿನ ಆಸರೆ ಕೊಡಬೇಕಾಯಿತು.

"ಒಣಗಿದ್ದು ಇಷ್ಟು ಭಾರ ಇರತ್ತಾ? ತಳದಲ್ಲಿ ನೀರು ನಿಂತು ಕೊಳೀತಿದೆ. ಬಾಯಾರಿ ಬಾಡಿರೋದಲ್ಲ ಇದು."

ಒಂದು ಗಿಡವನ್ನು ಬುಡ ಸಮೇತ ಕಿತ್ತು ತೋರಿಸಿದಳು. ಬಿಳಿ ಇರಬೇಕಾದ ಬೇರು ಕಂದು ಬಣ್ಣಕ್ಕೆ ತಿರುಗಿತ್ತು. ಎರಡು ಬೆರಳಲ್ಲಿ ಹಿಡಿದು ಎಳೆದರೆ ಬೇರಿನ ಹೊರಗಿನ ಸಿಪ್ಪೆ ಜಾರಿ ಬೆರಳಿಗೇ ಬಂತು, ಒಳಗೆ ದಾರದಂಥ ಒಂದು ಎಳೆ ಮಾತ್ರ ಉಳಿಯಿತು. ಜೊತೆಗೆ ಚರಂಡಿಯಂಥ ವಾಸನೆ. ಆ ಬೇರು ಕೈಯಲ್ಲಿ ಹಿಡಿದುಕೊಂಡಾಗ ನನಗೆ ಆದ ಸಂಕಟ ಹೇಳೋಕೆ ಬರಲ್ಲ. ಒಂದೂವರೆ ತಿಂಗಳಿಂದ ನಾನೇ ದಿನಾ ಎರಡು ಹೊತ್ತು ಅದನ್ನು ಮುಳುಗಿಸುತ್ತಿದ್ದೆ.

ಬೇರಿಗೆ ನೀರು ಎಷ್ಟು ಬೇಕೋ ಗಾಳಿಯೂ ಅಷ್ಟೇ ಬೇಕು. ಸಂದುಗಳಲ್ಲೆಲ್ಲ ನೀರೇ ತುಂಬಿಕೊಂಡರೆ ಬೇರು ಉಸಿರುಕಟ್ಟಿ ಸಾಯುತ್ತದೆ. ಸತ್ತ ಬೇರು ನೀರು ಎಳೆಯಲ್ಲ, ಆದ್ದರಿಂದ ಗಿಡ ನೀರಿನ ನಡುವೆಯೇ ಬಾಡುತ್ತದೆ. ನೀರು ಕಮ್ಮಿಯಾದಾಗಲೂ ಬಾಡುತ್ತದೆ, ಜಾಸ್ತಿಯಾದಾಗಲೂ ಬಾಡುತ್ತದೆ, ನೋಡೋಕೆ ಎರಡೂ ಒಂದೇ ಥರ. ಅದಕ್ಕೇ ಬರೀ ಎಲೆ ನೋಡಿ ನೀರು ಹಾಕಬಾರದು. ಕೋಕೋಪೀಟ್‌ನಲ್ಲಿ ಈ ಮೋಸ ಇನ್ನೂ ಹೆಚ್ಚು, ಯಾಕೆಂದರೆ ಮೇಲಿನ ಪದರ ಬೇಗ ಒಣಗಿ ಬಣ್ಣ ಬದಲಾಗುತ್ತದೆ, ಎರಡು ಇಂಚು ಕೆಳಗೆ ಹಿಂಡಿದರೆ ನೀರು ಸುರಿಯುವಷ್ಟು ಒದ್ದೆ ಇರುತ್ತದೆ. ಈಗ ನಾನು ಮಾಡೋದು ಇಷ್ಟೇ: ಬೆಳಗ್ಗೆ ತೋರುಬೆರಳನ್ನು ಎರಡನೇ ಗೆಣ್ಣಿನವರೆಗೆ ಒಳಗೆ ತೂರಿಸಿ ನೋಡುತ್ತೇನೆ. ಬೆರಳಿಗೆ ತಂಪು ತಾಗಿದರೆ ಆವತ್ತು ನೀರಿಲ್ಲ. ಒಣಗಿದ್ದರೆ ತಳದ ತೂತಿನಿಂದ ಹರಿದು ಬರುವವರೆಗೂ ಚೆನ್ನಾಗಿ ಹಾಕುತ್ತೇನೆ. ದಿನಾ ಸ್ವಲ್ಪ ಸ್ವಲ್ಪ ಚಿಮುಕಿಸುವುದರಿಂದ ಮೇಲಷ್ಟೇ ಒದ್ದೆಯಾಗುತ್ತದೆ, ಬೇರೂ ಮೇಲೆಯೇ ಉಳಿದುಬಿಡುತ್ತದೆ. ಬಿಸಿಲು ಜೋರಿದ್ದು ಗಿಡ ದೊಡ್ಡದಾಗಿದ್ದರೆ ದಿನಾ ಬೇಕಾಗಬಹುದು, ಮೋಡ ಮುಚ್ಚಿದ ದಿನಗಳಲ್ಲಿ ಮೂರು ನಾಲ್ಕು ದಿನ ಬೇಡವೇ ಬೇಡ. ಇನ್ನೊಂದು ಮಾತು, ಮಧ್ಯಾಹ್ನದ ಬಿಸಿಲಿಗೆ ಸೌತೆ ಎಲೆ ಜೋತು ಬಿದ್ದರೆ ಗಾಬರಿ ಆಗಬೇಡಿ. ಸಂಜೆ ತಾನಾಗೇ ನೆಟ್ಟಗಾದರೆ ಗಿಡ ಆರಾಮಾಗಿದೆ ಅಂತ ಅರ್ಥ. ಬೆಳಗ್ಗೆ ಎದ್ದಾಗಲೂ ಜೋತಿದ್ದರೆ ಮಾತ್ರ ಯೋಚನೆ ಮಾಡಬೇಕು.

ಚೀಟಿಯಲ್ಲಿ ಇನ್ನೊಂದು ಸಲಹೆ ಇದೆ, 'ನೀರು ಬಸಿಯಲು ತಳಕ್ಕೆ ಎರಡು ಇಂಚು ಜಲ್ಲಿ ಹಾಕಿ' ಅಂತ. ಬಹಳ ಜನ ಹೀಗೇ ಹೇಳುತ್ತಾರೆ, ನಾನೂ ನಂಬಿದ್ದೆ. ಆದರೆ ಸಣ್ಣ ಸಂದುಗಳಿರುವ ಕೋಕೋಪೀಟ್ ಪೂರ್ತಿ ನೀರು ಕುಡಿದು ತುಂಬುವವರೆಗೂ ನೀರು ಜಲ್ಲಿಯ ದೊಡ್ಡ ಸಂದಿಗೆ ಇಳಿಯುವುದೇ ಇಲ್ಲ. ಅಂದರೆ ತಳದಲ್ಲಿ ನಿಲ್ಲುವ ಒದ್ದೆ ಪದರ ಎರಡು ಇಂಚು ಮೇಲಕ್ಕೆ ಬಂದು ಬೇರಿಗೆ ಇನ್ನೂ ಹತ್ತಿರ ಆಗುತ್ತದೆ, ಅಷ್ಟೇ. 9 ಇಂಚಿನ ಬ್ಯಾಗಲ್ಲಿ ಎರಡು ಇಂಚು ಕಳೆದುಕೊಂಡರೆ ಬೇರಿಗೆ ಉಳಿಯೋದೆಷ್ಟು ಹೇಳಿ. ಎರಡನೇ ಸಲ ಜಲ್ಲಿ ತೆಗೆದು, ತೂತುಗಳು ಮುಚ್ಚಿಹೋಗಿಲ್ಲ ಅಂತ ನೋಡಿಕೊಂಡು, ಬ್ಯಾಗನ್ನು ಎರಡು ಇಟ್ಟಿಗೆ ಮೇಲೆ ಇಟ್ಟೆ. ಅಷ್ಟೇ ಸಾಕಾಯಿತು.

ಮೀಟರ್ ಬಗ್ಗೆಯೂ ಇಲ್ಲೇ ಹೇಳಿಬಿಡುತ್ತೇನೆ. ಬ್ಯಾಟರಿ ಇಲ್ಲದ ಎರಡು ಕಡ್ಡಿಯ ಮೀಟರ್ ಅದು. ಒದ್ದೆ ಮಣ್ಣಲ್ಲಿ ಎರಡು ಬೇರೆ ಬೇರೆ ಲೋಹದ ನಡುವೆ ಹುಟ್ಟುವ ಚೂರು ಕರೆಂಟನ್ನು ಅಳೆದು ತೇವ ಎಷ್ಟಿದೆ ಅಂತ ತೋರಿಸುತ್ತದೆ. ಗೊಬ್ಬರ ಹಾಕಿದರೆ ಮಣ್ಣಲ್ಲಿ ಉಪ್ಪಿನ ಅಂಶ ಹೆಚ್ಚಿ ಮುಳ್ಳು ಇನ್ನೂ 'ಒದ್ದೆ' ಕಡೆಗೆ ಓಡುತ್ತದೆ, ತೇವ ಅಷ್ಟೇ ಇದ್ದರೂ. ಹುಳಿ ಕ್ಷಾರ ತೋರಿಸುವ ಬಟನ್ ಒತ್ತಿದರೆ ನನ್ನ ಆರೂ ಬ್ಯಾಗಲ್ಲಿ 7ರ (ಹುಳಿಯೂ ಅಲ್ಲ, ಕ್ಷಾರವೂ ಅಲ್ಲ) ಹತ್ತಿರವೇ ನಿಂತಿತ್ತು. ನಿಮ್ಮ ಬೆರಳು ಇದಕ್ಕಿಂತ ಚೆನ್ನಾಗಿ ಕೆಲಸ ಮಾಡುತ್ತದೆ.

ಬೀಜದ ವಿಷಯ. 'ಎಲ್ಲ ಬೀಜವನ್ನೂ ಒಂದು ಇಂಚು ಆಳಕ್ಕೆ ಬಿತ್ತಿ' ಅಂತ ಒಂದೇ ಸಾಲಲ್ಲಿ ಮುಗಿಸಿದ್ದಾರೆ. ಬೀನ್ಸ್‌ಗೆ ಇದು ಸರಿ. ಕ್ಯಾರೆಟ್ ಬೀಜ ಧೂಳಿನಷ್ಟು ಚಿಕ್ಕದು, ಅದಕ್ಕೆ ಒಂದು ಇಂಚು ಅಂದರೆ ಹೂತು ಹಾಕಿದ ಹಾಗೆ. ಬೀಜದ ದಪ್ಪಕ್ಕೆ ಎರಡು ಮೂರು ಪಟ್ಟು ಆಳ, ಈ ಲೆಕ್ಕ ಹೆಚ್ಚಿನ ಬೀಜಗಳಿಗೆ ನಡೆಯುತ್ತದೆ. ಮೊದಲ ಸಲ ನನಗೆ ಒಂದೇ ಒಂದು ಕ್ಯಾರೆಟ್ ಮೊಳೆಯಲಿಲ್ಲ. ಎರಡನೇ ಸಲ ಮೇಲೇ ಉದುರಿಸಿ, ಕಂಡೂ ಕಾಣದ ಹಾಗೆ ಕಾಂಪೋಸ್ಟ್ ಪುಡಿ ಮುಚ್ಚಿ, ಒಣಗದಂತೆ ಒದ್ದೆ ಗೋಣಿ ಹೊದಿಸಿದೆ. ಹನ್ನೆರಡನೇ ದಿನಕ್ಕೆ ಹಸಿರು ಕಂಡಿತು. ಕ್ಯಾರೆಟ್‌ಗೆ ತಾಳ್ಮೆ ಬೇಕು, ಎರಡು ವಾರ ತನಕ ಸುಮ್ನೆ ಕಾಯಲೇಬೇಕು, ಮೊಳಕೆ ಬರಲಿಲ್ಲ ಅಂತ ಕೆದಕಿ ನೋಡಬಾರದು. ಹಾಗೇ ಕ್ಯಾರೆಟ್, ಮೂಲಂಗಿಯನ್ನು ಟ್ರೇಯಲ್ಲಿ ಬೆಳೆಸಿ ಕಿತ್ತು ನಾಟಿ ಮಾಡಬಾರದು. ಬೇರಿನ ತುದಿಗೆ ಪೆಟ್ಟಾದರೆ ಕ್ಯಾರೆಟ್ ಎರಡು ಮೂರು ಕಾಲು ಒಡೆದು ಬೆಳೆಯುತ್ತದೆ. ಚೀಟಿಯಲ್ಲಿ ಎಲ್ಲವನ್ನೂ ಟ್ರೇಯಲ್ಲಿ ಬಿತ್ತಿ ಅಂತಲೇ ಇದೆ.

ನನ್ನದೇ ತಪ್ಪು ಅಂದರೆ, ಮೂಲಂಗಿ ಪೊಟ್ಟಣ ಪೂರ್ತಿ ಒಂದೇ ದಿನ ಒಂದೇ ಬ್ಯಾಗಿಗೆ ಸುರಿದೆ. ನಾಲ್ಕೇ ದಿನಕ್ಕೆ ಹಸಿರು ಚಾಪೆ ಹಾಸಿದ ಹಾಗೆ ಎದ್ದವು. ಎಷ್ಟು ಖುಷಿ ಅಂತೀರಿ! ಅದರಲ್ಲಿ ಮುಕ್ಕಾಲು ಭಾಗ ಕಿತ್ತು ಹಾಕಬೇಕು ಅಂತ ಗೊತ್ತಿದ್ದರೂ ಕೈ ಬರಲಿಲ್ಲ. ನಾನೇ ಬಿತ್ತಿದ ಸಸಿ ನಾನೇ ಕೀಳೋದು ಹೇಗೆ? ಒಂದು ತಿಂಗಳಾದ ಮೇಲೆ ನೋಡಿದರೆ ಸೊಪ್ಪು ಮೊಣಕೈ ಉದ್ದ, ಕೆಳಗೆ ಗಡ್ಡೆ ಪೆನ್ಸಿಲಿಗಿಂತ ತೆಳ್ಳಗೆ. ಒಂದಕ್ಕೊಂದು ಜಾಗ ಬಿಡದೆ ಯಾವುದೂ ಉದ್ಧಾರ ಆಗಲಿಲ್ಲ. ಎರಡನೇ ಸಲ ಎರಡು ಇಂಚಿಗೆ ಒಂದು ಉಳಿಸಿ ಬಾಕಿದ್ದನ್ನು ಕತ್ತರಿಯಲ್ಲಿ ಬುಡಕ್ಕೆ ಕತ್ತರಿಸಿದೆ. ಕಿತ್ತರೆ ಪಕ್ಕದ್ದರ ಬೇರೂ ಅಲ್ಲಾಡುತ್ತದೆ, ಕತ್ತರಿಯೇ ಒಳ್ಳೆಯದು. ಆ ಎಳೆ ಸೊಪ್ಪು ಹಾಗೇ ತಿನ್ನೋಕೂ ಆಗುತ್ತದೆ. ಮತ್ತೆ ಒಂದೇ ದಿನ ಬಿತ್ತಿದರೆ ಎಲ್ಲ ಒಂದೇ ವಾರ ಬಲಿಯುತ್ತವೆ, ಹತ್ತು ದಿನಕ್ಕೊಮ್ಮೆ ಹತ್ತೋ ಹನ್ನೆರಡೋ ಬೀಜ ಹಾಕುತ್ತಾ ಹೋದರೆ ನಿಧಾನಕ್ಕೆ ಸಿಗುತ್ತಾ ಇರುತ್ತವೆ.

ಈರುಳ್ಳಿ ಬೀಜಕ್ಕೆ ಮಾತ್ರ ಕಂಪನಿಯನ್ನೇ ಬೈಯಬೇಕು. ಪೊಟ್ಟಣದ ಹಿಂದೆ ಪ್ಯಾಕ್ ಮಾಡಿದ ದಿನ ನೋಡಿದರೆ ಎರಡು ವರ್ಷಕ್ಕಿಂತ ಹಳೆಯದು. ಟೊಮೆಟೊ ಬೀಜ ಸರಿಯಾಗಿ ಇಟ್ಟರೆ ನಾಲ್ಕು ವರ್ಷ ಇದ್ದರೂ ಮೊಳೆಯುತ್ತದೆ, ಈರುಳ್ಳಿ ಬೀಜ ಒಂದು ವರ್ಷ ದಾಟಿದರೆ ಜೀವ ಕಳೆದುಕೊಳ್ಳುತ್ತಾ ಬರುತ್ತದೆ. ಒದ್ದೆ ಟಿಶ್ಯೂ ಕಾಗದದಲ್ಲಿ ಹತ್ತು ಬೀಜ ಮಡಚಿ, ಮುಚ್ಚಳದ ಡಬ್ಬಿಯಲ್ಲಿ ಎರಡು ವಾರ ಇಟ್ಟೆ. ಎರಡು ಮೊಳೆತವು. ಅದೇ ಥರ ಮಾಡಿದ ಟೊಮೆಟೊ ಬೀಜ ಹತ್ತಕ್ಕೆ ಒಂಬತ್ತು. ಬಿತ್ತುವ ಮುಂಚೆ ಈ ಪರೀಕ್ಷೆ ಮಾಡಿಕೊಳ್ಳಿ, ಬರದ ಬೀಜಕ್ಕೆ ತಿಂಗಳುಗಟ್ಟಲೆ ನೀರು ಹಾಕುವುದು ತಪ್ಪುತ್ತದೆ.

ಗೊಬ್ಬರದ ಕಥೆ ಇನ್ನೊಂದು. ಕೋಕೋಪೀಟ್ ನೀರು ಹಿಡಿದಿಡುತ್ತದೆ, ಹಗುರ ಇರುತ್ತದೆ, ಆದರೆ ಗಿಡಕ್ಕೆ ಊಟ ಅದರಲ್ಲಿ ಇಲ್ಲವೇ ಇಲ್ಲ ಅನ್ನಬಹುದು. ಚೀಟಿಯಲ್ಲಿ 'ಇಟ್ಟಿಗೆ ನೆನೆಸಿ, ಬ್ಯಾಗಿಗೆ ತುಂಬಿ, ಬಿತ್ತಿ' ಅಂತಿದೆ, ಕಾಂಪೋಸ್ಟ್ ಬೆರೆಸಬೇಕು ಅನ್ನುವ ಮಾತೇ ಇಲ್ಲ. ಬದಲಿಗೆ 'ವಾರಕ್ಕೆ ಎರಡು ಸಲ ಒಂದು ಚಮಚ ಗೊಬ್ಬರದ ಪುಡಿ ಬುಡಕ್ಕೆ ಹಾಕಿ'. 19:19:19 ಅಂದರೆ ಸಾರಜನಕ, ರಂಜಕ, ಪೊಟ್ಯಾಶ್ ಮೂರೂ ಒಂದೇ ಸಮ ಇರುವ, ನೀರಲ್ಲಿ ಕರಗಿಸಿ ಕೊಡಬೇಕಾದ ಗೊಬ್ಬರ. ನೇರವಾಗಿ ಬುಡಕ್ಕೆ ಸುರಿದರೆ ಉಪ್ಪು ಸುರಿದ ಹಾಗೇ. ನನ್ನ ಮೆಣಸಿನ ಗಿಡದ ಎಲೆಗಳ ಅಂಚು ಬೆಂಕಿಗೆ ತಾಗಿಸಿದ ಕಾಗದದ ಥರ ಸುಟ್ಟು ಸುರುಳಿ ಸುತ್ತಿಕೊಂಡಿತು. ಬೀನ್ಸ್ ಮಾತ್ರ ತಡೆದುಕೊಂಡು ಅಂಗೈ ಅಗಲ ಎಲೆ ಬಿಟ್ಟು ಬಳ್ಳಿ ಆಳುದ್ದ ಹೋಯಿತು, ಹೂ ಇಲ್ಲ. ಬೀನ್ಸ್ ಬೇರಿನ ಗಂಟುಗಳಲ್ಲಿರುವ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನೇ ಹಿಡಿದು ಗಿಡಕ್ಕೆ ಕೊಡುತ್ತವೆ. ಅದಕ್ಕೆ ಮೇಲಿಂದ ಮತ್ತೆ ಸಾರಜನಕ ಸುರಿದರೆ ಗಿಡ ಬರೀ ಎಲೆ ಮಾಡಿಕೊಂಡು ಕೂರುತ್ತದೆ.

ಎರಡನೇ ಸಲ ಕೋಕೋಪೀಟನ್ನು ಮೊದಲು ಮೂರು ಸಲ ತೊಳೆದೆ. ತೊಳೆದ ನೀರು ಚಹಾ ಡಿಕಾಕ್ಷನ್ ಥರ ಬರುತ್ತದೆ, ಅದು ತಿಳಿಯಾಗುವವರೆಗೂ ತೊಳೆಯಬೇಕು. ನಾರಿನಲ್ಲಿ ಉಳಿದಿರುವ ಉಪ್ಪು ಹೋಗಲಿ ಅಂತ. ಆಮೇಲೆ ಒಂದು ಪಾಲು ಕೋಕೋಪೀಟ್, ಒಂದು ಪಾಲು ಕಾಂಪೋಸ್ಟ್, ಒಂದು ಪಾಲು ಮಣ್ಣು. ಪುಡಿ ಗೊಬ್ಬರ ಲೀಟರಿಗೆ ಎರಡು ಗ್ರಾಂ ಕರಗಿಸಿ, ಹದಿನೈದು ದಿನಕ್ಕೊಮ್ಮೆ, ಅದೂ ಬ್ಯಾಗ್ ಒದ್ದೆ ಇದ್ದಾಗ ಮಾತ್ರ. ಒಂದು ವರ್ಷ ಆದರೂ ಆ ಪುಡಿ ಇನ್ನೂ ಅರ್ಧ ಪೊಟ್ಟಣ ಉಳಿದಿದೆ. ನೀರಾಗಲಿ, ಬೀಜವಾಗಲಿ, ಗೊಬ್ಬರವಾಗಲಿ, ಮೊದಲ ಸಲ ನನ್ನ ಗಿಡಗಳು ಸತ್ತಿದ್ದೆಲ್ಲ ಕಮ್ಮಿಯಾಗಿ ಅಲ್ಲ, ಜಾಸ್ತಿಯಾಗಿ.

ಕಮ್ಮಿ ಬಿದ್ದಿದ್ದು ಎರಡೇ, ಜಾಗ ಮತ್ತು ಬಿಸಿಲು. 9 ಇಂಚಿನ ಬ್ಯಾಗಿಗೆ ಹಿಡಿಸೋದು ಸುಮಾರು 9 ಲೀಟರ್. ಪಾಲಕ್, ಮೂಲಂಗಿ, ಈರುಳ್ಳಿ ಸೊಪ್ಪಿಗೆ ಧಾರಾಳ. ಮೆಣಸಿನ ಗಿಡ ಒಂದು ಹೇಗೋ ಬದುಕುತ್ತದೆ. ಟೊಮೆಟೊಗೆ ಸಾಲಲ್ಲ. 12 ಇಂಚಿನ ಬ್ಯಾಗಿಗೆ ಸುಮಾರು 22 ಲೀಟರ್ ಹಿಡಿಯುತ್ತದೆ, ನೋಡೋಕೆ ಮೂರು ಇಂಚೇ ಜಾಸ್ತಿ ಆದರೂ ಎರಡು ಪಟ್ಟಿಗಿಂತ ಹೆಚ್ಚು. ಟೊಮೆಟೊಗೆ ಅದು ಬೇಕು. ಚಿಕ್ಕ ಬ್ಯಾಗಲ್ಲಿ ಮಧ್ಯಾಹ್ನಕ್ಕೆ ಒಣಗಿ, ಸಂಜೆಗೆ ಒದ್ದೆಯಾಗಿ, ಮತ್ತೆ ಒಣಗಿ, ಬದುಕಿ ಉಳಿದಿದ್ದ ಒಂದೇ ಟೊಮೆಟೊ ಗಿಡದ ಕಾಯಿಗಳ ತಳ ಕಪ್ಪಗಾಗಿ ಕುಸಿದವು. ಕಾಯಿಯ ತಲೆ ಭಾಗ ಚೆನ್ನಾಗಿ ಹಸಿರು, ತೊಟ್ಟಿಗೆ ಎದುರಿನ ತುದಿ ಚರ್ಮದ ಥರ ಒಣಗಿದ ಕಪ್ಪು ಮಚ್ಚೆ. ರೋಗ ಅಂದುಕೊಂಡೆ. ಅದು ಕಾಯಿಗೆ ಕ್ಯಾಲ್ಸಿಯಂ ತಲುಪದೆ ಆಗುವುದು, ಕ್ಯಾಲ್ಸಿಯಂ ಬೇರಿನಿಂದ ನೀರಿನ ಜೊತೆಗೇ ಮೇಲೆ ಹೋಗಬೇಕು, ನೀರು ಒಂದು ದಿನ ಹಬ್ಬ ಒಂದು ದಿನ ಬರ ಆದರೆ ಅದು ತಲುಪಲ್ಲ. ಚೀಟಿಯಲ್ಲಿ ಇದಕ್ಕೆ ತಮ್ಮದೇ ಕ್ಯಾಲ್ಸಿಯಂ ಟಾನಿಕ್ ಎಲೆಗೆ ಸಿಂಪಡಿಸಿ ಅಂತ ಇದೆ, ಅದನ್ನು ಬೇರೆಯಾಗಿ ಕೊಳ್ಳಬೇಕು. ನಾನು ಕೊಂಡೆ, ಏನೂ ಆಗಲಿಲ್ಲ. ದೊಡ್ಡ ಬ್ಯಾಗಿಗೆ ಹಾಕಿ, ಮೇಲೆ ಒಣ ಎಲೆ ದಪ್ಪಗೆ ಮುಚ್ಚಿದ ಮೇಲೆ ಎರಡನೇ ಸಲ ಒಂದೂ ಕಾಯಿ ಹಾಗಾಗಲಿಲ್ಲ.

ಬಿಸಿಲಿನ ಬಗ್ಗೆ ಚೀಟಿ ಹೇಳೋದು 'ಬೆಳಕು ಬರುವ ಜಾಗದಲ್ಲಿಡಿ'. ಬೆಳಕು ಬೇರೆ, ಬಿಸಿಲು ಬೇರೆ. ಕಾಯಿ ಬಿಡುವ ಗಿಡಕ್ಕೆ ದಿನಕ್ಕೆ ಆರು ಗಂಟೆಯಾದರೂ ನೇರ ಬಿಸಿಲು ಬೇಕು, ಸೊಪ್ಪಿಗೆ ಮೂರು ನಾಲ್ಕು ಗಂಟೆ ಆದರೂ ನಡೆಯುತ್ತದೆ. ರಜೆಯ ದಿನ ಗಂಟೆಗೊಮ್ಮೆ ಹೋಗಿ ನೋಡಿ ಬರೆದಿಟ್ಟುಕೊಂಡೆ, ಬಹಳ ಬಿಸಿಲು ಬರುತ್ತದೆ ಅಂದುಕೊಂಡಿದ್ದ ನನ್ನ ಮೂಲೆಗೆ ಬರುತ್ತಿದ್ದದ್ದು ಎರಡೂವರೆ ಗಂಟೆ! ಕಿಟ್ ತರುವ ಮುಂಚೆಯೇ ಈ ಕೆಲಸ ಮಾಡಿ.

ಸೌತೆಯ ವಿಷಯ ನನಗೆ ಎಲ್ಲಕ್ಕಿಂತ ಇಷ್ಟ. ಮೊದಲ ಸಲ ಹೂ ಬಿಟ್ಟು ಬಿಟ್ಟು ಉದುರಿದವು. ಕೆಲವು ಹೂವಿನ ಹಿಂದೆ ಬೆರಳ ತುದಿಯಷ್ಟು ಮಿಡಿ ಕಾಣುತ್ತಿತ್ತು, ನಾಲ್ಕು ದಿನಕ್ಕೆ ಅದೂ ಹಳದಿಯಾಗಿ ಮುದುಡುತ್ತಿತ್ತು. ಇದಕ್ಕೂ ಚೀಟಿಯಲ್ಲಿ ಒಂದು ಟಾನಿಕ್ ಇದೆ. ನಿಜ ಏನೆಂದರೆ ಸೌತೆಯಲ್ಲಿ ಗಂಡು ಹೂ ಬೇರೆ, ಹೆಣ್ಣು ಹೂ ಬೇರೆ. ಮೊದಲು ಬರೋದು ಸಾಮಾನ್ಯವಾಗಿ ಬರೀ ಗಂಡು ಹೂಗಳೇ, ಅವು ಉದುರಲೇಬೇಕು. ಹಿಂದೆ ಪುಟ್ಟ ಸೌತೆ ಅಂಟಿಕೊಂಡಿರೋದೇ ಹೆಣ್ಣು. ಜೇನು ಬರದ ಜಾಗದಲ್ಲಿ ಆ ಕೆಲಸ ನಾವೇ ಮಾಡಬೇಕು. ಬೆಳಗ್ಗೆ ಹೂ ಅರಳಿದ ಹೊತ್ತಿಗೆ ಒಂದು ಗಂಡು ಹೂ ಕಿತ್ತು, ದಳ ಬಿಡಿಸಿ, ನಡುವಿನ ಹಳದಿ ಪುಡಿಯನ್ನು ಹೆಣ್ಣು ಹೂವಿನ ನಡುವೆ ಮೆಲ್ಲಗೆ ಸವರಿದೆ. ಮೂರನೇ ದಿನ ಮಿಡಿ ಸ್ವಲ್ಪ ದಪ್ಪ ಆದ ಹಾಗೆ ಕಂಡಿತು, ಐದನೇ ದಿನ ಅನುಮಾನವೇ ಇಲ್ಲ. ಅವತ್ತು ಮನೆಯವರನ್ನೆಲ್ಲ ಕರೆದು ತೋರಿಸಿದೆ. ಒಂದು ಎಚ್ಚರಿಕೆ, ಗಂಡು ಹೂ ಇಲ್ಲದೆಯೇ ಕಾಯಿ ಕಟ್ಟುವ ತಳಿಗಳೂ ಇವೆ, ಪೊಟ್ಟಣದ ಮೇಲೆ ಓದಿಕೊಳ್ಳಿ. ಟೊಮೆಟೊಗೆ ಇಷ್ಟು ಕಷ್ಟ ಇಲ್ಲ, ಒಂದೇ ಹೂವಲ್ಲಿ ಎರಡೂ ಇರುತ್ತದೆ, ಗೊಂಚಲನ್ನು ಬೆರಳಲ್ಲಿ ತಟ್ಟಿದರೆ ಸಾಕು.

ಬೇವಿನ ಎಣ್ಣೆ ಒಳ್ಳೆಯದೇ, ಆದರೆ ಎಣ್ಣೆ ನೀರಿಗೆ ಬೆರೆಯಲ್ಲ ಅನ್ನೋದನ್ನೇ ಬರೆದಿಲ್ಲ. ಲೀಟರ್ ನೀರಿಗೆ ಐದು ಎಂಎಲ್ ಎಣ್ಣೆ, ಕೆಲವು ಹನಿ ದ್ರವ ಸೋಪು, ಚೆನ್ನಾಗಿ ಕುಲುಕಿ, ಬಿಸಿಲು ಇಳಿದ ಮೇಲೆ ಎಲೆಯ ಅಡಿಗೆ ಸಿಂಪಡಿಸಬೇಕು. ಹೇನು, ಬಿಳಿನೊಣ ಕೂರೋದೇ ಅಡಿಯಲ್ಲಿ. ಎಲೆ ಮೇಲೆ ಎಷ್ಟು ಹೊಡೆದರೂ ಅವಕ್ಕೆ ತಾಗಲ್ಲ. ಮಟ ಮಟ ಮಧ್ಯಾಹ್ನ ಹೊಡೆದರೆ ಎಲೆಯೇ ಸುಡುತ್ತದೆ. ಬಿಳಿನೊಣ ಟೊಮೆಟೊಗೆ ಎಲೆ ಮುಟುರು ರೋಗದ ವೈರಸ್ ತರುತ್ತದೆ, ಅದು ಬಂದ ಗಿಡ ವಾಸಿಯಾಗಲ್ಲ, ಕಿತ್ತು ದೂರ ಹಾಕಬೇಕು.

ಹಾಗಾದರೆ ಕೊಳ್ಳಬೇಕಾ? ಮನೆಯಲ್ಲಿ ಏನೂ ಇಲ್ಲ, ಶುರು ಮಾಡಬೇಕು ಅಂತಿದ್ದರೆ ಕೊಳ್ಳಿ, ಒಟ್ಟಿಗೆ ಸಿಗುವುದು ಅನುಕೂಲವೇ. ಆದರೆ ಎಂಟೂ ತರಕಾರಿ ಒಟ್ಟಿಗೆ ಬೇಡ. ಪಾಲಕ್, ಮೂಲಂಗಿ, ಬೀನ್ಸ್, ಮೂರೇ ಸಾಕು, ಮೂಲಂಗಿ ಒಂದು ಒಂದೂವರೆ ತಿಂಗಳಿಗೆ ಸಿಕ್ಕಿಬಿಡುತ್ತದೆ, ಕೈ ಕುದುರುತ್ತದೆ. ಟೊಮೆಟೊಗೆ 12 ಇಂಚಿನ ಬ್ಯಾಗ್ ಬೇರೆ ತನ್ನಿ. ಒಂದು ಮೂಟೆ ಕಾಂಪೋಸ್ಟ್ ಜೊತೆಗೇ ತನ್ನಿ. ಮೊದಲೇ ಬ್ಯಾಗು, ಬೀಜ ಮನೆಯಲ್ಲಿ ಇದ್ದರೆ ಈ ಕಿಟ್ ಬೇಡ, ಕಾಂಪೋಸ್ಟ್ ಮತ್ತು ಹೊಸ ಬೀಜಕ್ಕೆ ಖರ್ಚು ಮಾಡಿ. ಟಾನಿಕ್‌ಗಳು ಯಾವುದೂ ಬೇಡ.

ಕಂಪನಿಗೆ ಹೋದ ತಿಂಗಳು ಬರೆದೆ. ದಿನಕ್ಕೆ ಎರಡು ಸಲ ನೀರು, ಎಲ್ಲಕ್ಕೂ ಒಂದು ಇಂಚು ಆಳ, ಬುಡಕ್ಕೆ ಒಂದು ಚಮಚ ಗೊಬ್ಬರ, ಈ ಮೂರು ಸಾಲನ್ನಾದರೂ ಚೀಟಿಯಿಂದ ತೆಗೆಯಿರಿ, ಈರುಳ್ಳಿ ಬೀಜ ಹೊಸದು ಹಾಕಿ ಅಂತ. 'ನಿಮ್ಮ ಅಭಿಪ್ರಾಯ ಸಂಬಂಧಪಟ್ಟ ವಿಭಾಗಕ್ಕೆ ಕಳಿಸಿದ್ದೇವೆ' ಅಂತ ಉತ್ತರ ಬಂದಿದೆ. ಪರಿಚಯದವರೊಬ್ಬರು ಮೊನ್ನೆ ಅದೇ ಕಿಟ್ ತಂದರು, ತೆರೆದು ನೋಡಿದೆ, ಚೀಟಿ ಇನ್ನೂ ಅದೇ. ಅದನ್ನು ತಿರುಗಿಸಿ, ಖಾಲಿ ಇದ್ದ ಅಂಚಿನಲ್ಲಿ ಪೆನ್ನಿನಿಂದ 'ಮೊದಲು ಬೆರಳು ಹಾಕಿ ನೋಡಿ' ಅಂತ ಬರೆದು ಕೊಟ್ಟು ಬಂದೆ. ಕಂಪನಿ ಚೀಟಿ ಬದಲಾಯಿಸಿದರೆ ಇಲ್ಲೇ ಬರೆಯುತ್ತೇನೆ, ಇನ್ನೊಂದು ನಕ್ಷತ್ರವೂ ಕೊಡುತ್ತೇನೆ.